ನೆರೆಯವನಾಗುವುದು

ಪ್ರಶ್ನೆ ಕೇಳಿದವನು ಧರ್ಮಶಾಸ್ತ್ರವನ್ನು ಅರೆದು ಕುಡಿದವನು. ದೇವರನ್ನು ಪ್ರೀತಿಸಬೇಕು, ನೆರೆಯವನನ್ನೂ ತನ್ನಂತೆಯೇ ಪ್ರೀತಿಸಬೇಕು ಎಂಬ ಯೆಹೂದ್ಯ ಧರ್ಮದ ಎರಡು ಆಜ್ಞೆಗಳು ಅವನಿಗೆ ಬಾಯಿಪಾಠ. ಯೇಸುವಿನ ಎದುರು ನಿಂತು ಅವನು ಎತ್ತಿದ ಅನುಮಾನ ಎರಡನೆಯದರ ಬಗ್ಗೆ: ನೆರೆಯವನು ಅಂದರೆ ಯಾರ್ಯಾರು? ಮೇಲ್ನೋಟಕ್ಕೆ ಸಾಧು ಪ್ರಶ್ನೆ, ಒಳಗಿರುವುದು ವಕೀಲಿ ಬುದ್ಧಿ. ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಾಗಿಬಿಟ್ಟರೆ ಅದರಾಚೆಯವರ ಹೊಣೆ ತಪ್ಪಿದಂತೆ. ಅಕ್ಕಪಕ್ಕದ ಮನೆಯವರು ಸರಿ, ಕುಲದವರು ಸರಿ, ಒಂದೇ ದೇವಾಲಯಕ್ಕೆ ನಡೆದುಕೊಳ್ಳುವವರೂ ಸರಿ. ಆಮೇಲೆ?

ಇದಕ್ಕೆ ಯೇಸು ಕೊಟ್ಟ ಉತ್ತರ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿದೆ. ಕ್ರೈಸ್ತರಲ್ಲದವರೂ ಕೇಳಿರುವ ಕತೆ. ಆದರೆ ಎಲ್ಲರಿಗೂ ಗೊತ್ತಿರುವ ಕತೆಗಳನ್ನು ನಾವು ಸಾಮಾನ್ಯವಾಗಿ ಸರಿಯಾಗಿ ಓದಿರುವುದಿಲ್ಲ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್ ದಾರಿ. ಯೆರೂಸಲೇಮ್ ಸಮುದ್ರಮಟ್ಟದಿಂದ 750 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ 250 ಮೀಟರಿನಷ್ಟು ತಗ್ಗಿನಲ್ಲಿದೆ. ಸಾವಿರ ಮೀಟರಿನ ಇಳಿಜಾರು, ಬೋಳು ಗುಡ್ಡ, ತಿರುವು ತಿರುವಿಗೂ ಕಣಿವೆ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಅಲ್ಲೊಬ್ಬ ಪ್ರಯಾಣಿಕ ಕಳ್ಳರ ಕೈಗೆ ಸಿಕ್ಕಿ, ಉಟ್ಟ ಬಟ್ಟೆಯನ್ನೂ ಕಳೆದುಕೊಂಡು, ಅರೆಜೀವವಾಗಿ ಬಿದ್ದಿದ್ದಾನೆ. ದೇವಾಲಯದ ಯಾಜಕನೊಬ್ಬ ಅವನನ್ನು ನೋಡಿ, ದಾರಿಯ ಆಚೆ ಬದಿಗೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಯವನೇ ಆದ ಲೇವಿಯನೂ ಹಾಗೇ ಹೋಗುತ್ತಾನೆ. ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಎಣ್ಣೆ ಸೀಗೆಕಾಯಿ. ಇವರ ದೇವಾಲಯ ಯೆರೂಸಲೇಮಿನಲ್ಲಿ, ಅವರ ಪವಿತ್ರಸ್ಥಾನ ಗೆರಿಜೀಮ್ ಬೆಟ್ಟದಲ್ಲಿ. ಅಲ್ಲಿದ್ದ ಅವರ ಗುಡಿಯನ್ನು ಯೆಹೂದ್ಯ ದೊರೆಯೊಬ್ಬ ಯೇಸುವಿಗಿಂತ ನೂರು ವರ್ಷಕ್ಕೂ ಹಿಂದೆಯೇ ನೆಲಸಮ ಮಾಡಿದ್ದ. ಹಗೆಗೆ ಕಾರಣವಿತ್ತು.

ಈ ಮೂರನೆಯವನು ಮಾಡಿದ್ದನ್ನು ಲೂಕ ಬಿಡಿಬಿಡಿಯಾಗಿ ಹೇಳುತ್ತಾನೆ. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟು ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಒಂದು ದಿನಾರಿ ಅಂದರೆ ಆಗಿನ ಕೂಲಿಯಾಳಿನ ಒಂದು ದಿನದ ಸಂಬಳ. ಇನ್ನೂ ಖರ್ಚಾದರೆ ವಾಪಸು ಬರುವಾಗ ತೀರಿಸುತ್ತೇನೆ ಎಂದೂ ಹೇಳಿದ. ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಮರುದಿನ. ಮರುಕ ಹುಟ್ಟಿದ ಗಳಿಗೆಯಲ್ಲಿ ಯಾರಾದರೂ ಕೈಚಾಚಬಹುದು. ರಾತ್ರಿ ಕಳೆದು, ಮರುಕದ ಬಿಸಿ ಆರಿದ ಮೇಲೂ ಲೆಕ್ಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ಹೋಗುವುದು ಬೇರೆ ಮಾತು.

ಕತೆ ಮುಗಿಸಿ ಯೇಸು ಪ್ರಶ್ನೆಯನ್ನೇ ತಿರುವಿ ಹಾಕುತ್ತಾರೆ: ಈ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು? ಶಾಸ್ತ್ರಿಯ ಬಾಯಿಂದ ‘ಸಮಾರ್ಯದವನು’ ಎಂಬ ಹೆಸರು ಹೊರಡುವುದಿಲ್ಲ. ಕರುಣೆ ತೋರಿದವನು ಎಂದು ಸುತ್ತಿ ಬಳಸಿ ಹೇಳುತ್ತಾನೆ. ಕ್ರೈಸ್ತ ನೀತಿಚಿಂತನೆಯ ಒಂದು ದೊಡ್ಡ ಭಾಗ ಈ ತಿರುವಿನ ಮೇಲೆ ನಿಂತಿದೆ. ನನ್ನ ನೆರವಿಗೆ ಯಾರು ಅರ್ಹರು ಎಂಬ ವಿಚಾರಣೆ ಅಲ್ಲಿಗೆ ಮುಗಿಯಿತು. ನೆರೆತನ ಹುಟ್ಟಿನಿಂದಲೋ ಊರಿನಿಂದಲೋ ಬರುವ ಸಂಬಂಧವಾಗಿ ಉಳಿಯಲಿಲ್ಲ, ಎದ್ದು ಹೋಗಿ ಮಾಡಬೇಕಾದ ಕೆಲಸವಾಯಿತು. ಸೂಕ್ಷ್ಮ ಇನ್ನೊಂದಿದೆ: ಬಿದ್ದವನು ಯಾರು, ಯಾವ ಜಾತಿ, ಒಳ್ಳೆಯವನೋ ಕೆಟ್ಟವನೋ ಎಂದು ಕತೆ ಎಲ್ಲೂ ಹೇಳುವುದಿಲ್ಲ. ಬಟ್ಟೆಯನ್ನೂ ಕಳೆದುಕೊಂಡವನಲ್ಲಿ ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ.

ತತ್ತ್ವಜ್ಞಾನಿಗಳು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಪ್ರೀತಿಸು ಎಂದು ಆಜ್ಞೆ ಹೊರಡಿಸಿದರೆ ಪ್ರೀತಿ ಹುಟ್ಟೀತೇ? ಇಮ್ಯಾನುಯೆಲ್ ಕಾಂಟ್ 1785ರಲ್ಲೇ ಇದನ್ನು ನೇರವಾಗಿ ಎದುರಿಸಿದ. ಭಾವವಾಗಿ ಒಲವನ್ನು ಯಾರೂ ಆಜ್ಞಾಪಿಸಲಾರರು. ಮನಸ್ಸು ಒಲ್ಲೆ ಎಂದಾಗಲೂ ಕರ್ತವ್ಯವೆಂದು ಒಳಿತು ಮಾಡುವುದನ್ನು ಆಜ್ಞಾಪಿಸಬಹುದು, ಧರ್ಮಗ್ರಂಥ ಹೇಳುವುದು ಈ ಎರಡನೆಯದನ್ನೇ ಎಂದು ಅವನ ವಾದ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1847ರ ‘ಪ್ರೀತಿಯ ಕೃತ್ಯಗಳು’ ಪುಸ್ತಕದಲ್ಲಿ ಇನ್ನೂ ಮುಂದೆ ಹೋದ. ಗೆಳೆಯನನ್ನೋ ನಲ್ಲೆಯನ್ನೋ ನಾವು ಆರಿಸಿಕೊಳ್ಳುತ್ತೇವೆ, ಆ ಆಯ್ಕೆಯಲ್ಲಿ ನಮ್ಮ ರುಚಿ, ನಮ್ಮ ಲಾಭ ಎಲ್ಲವೂ ಬೆರೆತಿರುತ್ತದೆ. ನೆರೆಯವನನ್ನು ಆರಿಸಲಾಗದು. ಪ್ರಾರ್ಥನೆ ಮುಗಿಸಿ ಬಾಗಿಲು ತೆರೆದಾಗ ಮೊದಲು ಎದುರಾಗುವವನೇ ಅವನು ಎಂಬುದು ಕೀರ್ಕೆಗಾರ್ಡನ ನಿಲುವು.

ಹಾಗಾದರೆ ನೆರವಾದರೆ ಮುಕ್ತಿಯೋ, ನಂಬಿದರೆ ಮುಕ್ತಿಯೋ? ಕ್ರೈಸ್ತರೊಳಗಿನ ಹಳೆಯ ಜಗಳವಿದು. ಕೃತ್ಯವಿಲ್ಲದ ನಂಬಿಕೆ ಸತ್ತಂತೆ ಎಂದು ಯಾಕೋಬನ ಪತ್ರ ಹೇಳುತ್ತದೆ. ಆ ಪತ್ರವನ್ನು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ಹುಲ್ಲಿನ ಪತ್ರ ಎಂದು ಹೀಗಳೆದ. ಆದರೆ ಅದೇ ಲೂಥರ್ ಎರಡು ವರ್ಷ ಮೊದಲು ಬರೆದದ್ದನ್ನು ಓದಿದರೆ ಜಗಳ ಕಂಡಷ್ಟು ಆಳದ್ದಲ್ಲ ಎನಿಸುತ್ತದೆ. ಮುಕ್ತಿ ದೇವರ ಕೃಪೆಯಿಂದ ಬಿಟ್ಟಿಯಾಗಿ ಸಿಕ್ಕಿದೆ, ಅದನ್ನು ಗಳಿಸಬೇಕಾಗಿಲ್ಲ. ಆದ್ದರಿಂದಲೇ ಮಾಡುವುದೆಲ್ಲವನ್ನೂ ನೆರೆಯವನಿಗಾಗಿಯೇ ಮಾಡಬಹುದು ಎಂಬುದು ಅವನ ತರ್ಕ. ದಾನ ಮಾಡಿ ಪುಣ್ಯ ಕಟ್ಟಿಕೊಳ್ಳಿ ಎಂದು ಕೇಳುತ್ತಲೇ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಹಸಿದವನ ತಟ್ಟೆಯಲ್ಲಿ ನನಗೆ ಬರಬೇಕಾದ ಪುಣ್ಯವೇನೂ ಇಲ್ಲ ಎಂದಾದಾಗ ಮಾತ್ರ ಅವನ ಹಸಿವು ನನಗೆ ನಿಜವಾಗಿ ಕಂಡೀತು.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬರುವ ಕೊನೆಯ ತೀರ್ಪಿನ ಚಿತ್ರವೂ ಇದನ್ನೇ ಹೇಳುತ್ತದೆ. ಹಸಿದವರಿಗೆ ಅನ್ನ, ಪರಸ್ಥಳದವರಿಗೆ ಆಸರೆ ಕೊಟ್ಟವರು, ರೋಗಿಗಳನ್ನೂ ಸೆರೆಯಲ್ಲಿದ್ದವರನ್ನೂ ಕಂಡುಬಂದವರು ಬಲಗಡೆ ನಿಂತಿದ್ದಾರೆ. ಅದನ್ನೆಲ್ಲ ನನಗೇ ಮಾಡಿದಿರಿ ಎಂದು ರಾಜ ಹೇಳಿದಾಗ ಅವರು ಕಕ್ಕಾಬಿಕ್ಕಿ: ನಿನ್ನನ್ನು ನಾವು ನೋಡಿದ್ದು ಯಾವಾಗ? ದೇವರಿಗೆಂದು ಮಾಡಿದವರಲ್ಲ ಅವರು. ಮಾಡಿದ್ದು ನೆನಪಿನಲ್ಲೂ ಇಲ್ಲ.

ನಮ್ಮ ದೇಶದಲ್ಲಿ ಈ ವಿಷಯ ಎತ್ತಿದೊಡನೆ ಮತಾಂತರದ ಮಾತು ಬರುತ್ತದೆ. ಬರಬೇಕಾದದ್ದೇ. ಸೇವೆಯ ಹಿಂದೆ ಮತಾಂತರದ ಉದ್ದೇಶ ಇರಕೂಡದು ಎಂದು ಗಾಂಧೀಜಿ ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದ್ದರು. ಅವರ ಆಕ್ಷೇಪಕ್ಕೆ ಉತ್ತರ ಲೂಕನ ಕತೆಯೊಳಗೇ ಇದೆ ಎಂದು ನನಗನ್ನಿಸುತ್ತದೆ. ಸಮಾರ್ಯದವನು ಗಾಯಾಳುವನ್ನು ಗೆರಿಜೀಮ್ ಬೆಟ್ಟಕ್ಕೆ ಬಾ ಎಂದು ಕರೆಯಲಿಲ್ಲ. ಷರತ್ತು ಹಾಕಿದ ನೆರವು ಈ ತತ್ತ್ವದ ಪ್ರಕಾರವೇ ವ್ಯಾಪಾರ. ಆರಂಭದ ಕ್ರೈಸ್ತರು ಇದನ್ನು ಎಷ್ಟರ ಮಟ್ಟಿಗೆ ಪಾಲಿಸಿದರು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಅವರ ವಿರೋಧಿಯೇ. 361ರಿಂದ 363ರವರೆಗೆ ರೋಮಿನ ಚಕ್ರವರ್ತಿಯಾಗಿದ್ದ ಜೂಲಿಯನ್ ಕ್ರೈಸ್ತ ಮತ ಬಿಟ್ಟು ಹಳೆಯ ದೇವತೆಗಳ ಪೂಜೆಗೆ ಮರಳಿದವನು. ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದ ಕಾಗದದಲ್ಲಿ ಅವನು ಹಲುಬುತ್ತಾನೆ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಾವೇ ಆಗುತ್ತಿಲ್ಲ, ಇದು ನಾಚಿಕೆಗೇಡು. ಊರೂರಿಗೂ ಛತ್ರ ಕಟ್ಟಿಸು ಎಂದು ಅಪ್ಪಣೆ ಮಾಡಿ, ವರ್ಷಕ್ಕೆ 30,000 ಅಳತೆ ಗೋಧಿಯನ್ನೂ ಮಂಜೂರು ಮಾಡಿದ.

ಮಂಗಳೂರಿನವರಿಗೆ ಹತ್ತಿರದ ಉದಾಹರಣೆ ಕಂಕನಾಡಿಯಲ್ಲಿದೆ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು; 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯವರೇ ಹೊರಗಟ್ಟುತ್ತಿದ್ದ ಕಾಯಿಲೆ ಅದು. ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ.

ತತ್ತ್ವ ತಿಳಿದಿದ್ದರೆ ಸಾಕೇ? 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವನ್ನು ನೋಡಿ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಲು ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಉದ್ಯೋಗಾವಕಾಶ, ಉಳಿದವರಿಗೆ ಇದೇ ಸಮಾರ್ಯದವನ ಕತೆ. ಕೆಲವರಿಗೆ ಇನ್ನೂ ಹೊತ್ತಿದೆ ಎಂದರು, ಕೆಲವರಿಗೆ ಆಗಲೇ ತಡವಾಗಿದೆ ಎಂದು ಅವಸರ ಹಚ್ಚಿದರು. ದಾರಿಯ ಓಣಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದೇ ಪರೀಕ್ಷೆಗೆ. ಬಿಡುವಿದ್ದವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು. ಅವಸರದಲ್ಲಿದ್ದವರಲ್ಲಿ ಶೇ. 10 ಮಾತ್ರ. ಭಾಷಣದ ವಿಷಯ ಯಾವುದೆಂಬುದರಿಂದ ಗಣನೀಯ ವ್ಯತ್ಯಾಸವಾಗಲಿಲ್ಲ. ಸಮಾರ್ಯದವನ ಬಗ್ಗೆ ಮಾತಾಡಲು ಓಡುತ್ತಿದ್ದ ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರು. ಯಾಜಕನನ್ನೂ ಲೇವಿಯನನ್ನೂ ಕಲ್ಲೆದೆಯವರು ಎಂದು ಬೈಯುವ ಪ್ರವಚನಕಾರರು ಇದನ್ನೊಮ್ಮೆ ಓದಬೇಕು. ಅವರಿಗೂ ಎಲ್ಲೋ ತಡವಾಗುತ್ತಿದ್ದಿರಬಹುದು.

ಹಾಗಿದ್ದರೆ ನಿಲ್ಲುವವರು ನಿಲ್ಲುವುದು ಹೇಗೆ? ಫ್ರಾನ್ಸಿನ ಗುಡ್ಡಗಾಡಿನ ಲೆ ಶಾಂಬೊ ಎಂಬ ಊರು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯ ಪ್ರೊಟೆಸ್ಟಂಟರ ಹಿರೀಕರು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ತಮ್ಮ ನಂಬಿಕೆಗಾಗಿ ರಾಜರ ಕೈಯಲ್ಲಿ ಹಿಂಸೆ ಉಂಡವರು. 1940ರ ಜೂನ್ 22ರಂದು ಫ್ರಾನ್ಸ್ ನಾಜಿಗಳೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ, ಪಾಸ್ಟರ್ ಆಂದ್ರೆ ಟ್ರೋಕ್ಮೆ ಮತ್ತು ಜೊತೆಗಾರ ಎದುವಾರ್ ತೇಸ್, ಆತ್ಮಸಾಕ್ಷಿಗೆ ವಿರುದ್ಧವಾದ ಒತ್ತಾಯವನ್ನು ದ್ವೇಷವಿಲ್ಲದೆ, ಆದರೆ ಅಂಜದೆ ಎದುರಿಸಬೇಕೆಂದು ಸಭೆಗೆ ಬೋಧಿಸಿದರು. ಆ ಚಳಿಗಾಲದ ಒಂದು ಸಂಜೆ ಪಾಸ್ಟರ್ ಮನೆಯ ಕದ ತಟ್ಟಿದ ಸದ್ದಾಯಿತು. ಅಡುಗೆಮನೆಯ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದ ಮಡದಿ ಮಾಗ್ದಾ ಹೋಗಿ ತೆರೆದರು. ಹಿಮದಲ್ಲಿ ತೊಯ್ದು ನಡುಗುತ್ತ ನಿಂತಿದ್ದವಳು ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯ ಹೆಂಗಸು. ಒಳಗೆ ಬರಬಹುದೇ ಎಂದಳು. ಬನ್ನಿ, ಅದರಲ್ಲೇನು ಎಂದರು ಮಾಗ್ದಾ. ಆಮೇಲೆ ಅವಳಿಗೆ ಕಾಗದಪತ್ರ ಮಾಡಿಸಿಕೊಡಲು ಮೇಯರ್ ಹತ್ತಿರ ಹೋದರೆ, ಊರಿಗೇ ಅಪಾಯ ತರುತ್ತೀರಿ ಎಂದು ಬೈಸಿಕೊಂಡು ಬಂದರು. ಅಷ್ಟರಲ್ಲಿ ಮನೆಯಲ್ಲಿ ಒಣಗಲೆಂದು ಒಲೆಗಿಟ್ಟಿದ್ದ ಆ ಹೆಂಗಸಿನ ಬೂಟುಗಳು ಸುಟ್ಟು ಕರಕಲಾಗಿದ್ದವು. ಯುದ್ಧಕಾಲ, ಬೂಟೂ ರೇಷನ್ನಿನಲ್ಲೇ ಸಿಗಬೇಕು. ಮಾಗ್ದಾ ಊರೆಲ್ಲ ಅಲೆದು ಇನ್ನೊಂದು ಜೊತೆ ಹುಡುಕಿ ತಂದರು. ಸಂತತನದ ದಿನಚರಿ ಹೆಚ್ಚಾಗಿ ಹೀಗೇ ಇರುತ್ತದೆ.

ಮುಂದಿನ ನಾಲ್ಕು ವರ್ಷಗಳಲ್ಲಿ ಆ ಪ್ರಸ್ಥಭೂಮಿಯ ಮನೆ, ಶಾಲೆ, ಕೊಟ್ಟಿಗೆಗಳಲ್ಲಿ ಸಾವಿರಾರು ಜನ ತಲೆಮರೆಸಿಕೊಂಡು ಉಳಿದರು. ಪಾಸ್ಟರ್ ಬೈಬಲ್ ಅಧ್ಯಯನಕ್ಕೆಂದು ಕಟ್ಟಿದ್ದ ಸಣ್ಣ ಸಣ್ಣ ಗುಂಪುಗಳೇ ಯಾರನ್ನು ಯಾರ ಮನೆಯಲ್ಲಿಡುವುದು ಎಂಬ ಕೆಲಸಕ್ಕೂ ಒದಗಿದವು. ಪಾಸ್ಟರನ ಬಂಧು ದನಿಯೆಲ್ ಟ್ರೋಕ್ಮೆ ತಮ್ಮ ಹಾಸ್ಟೆಲಿನ ಹುಡುಗರನ್ನು ಬಿಟ್ಟು ಓಡಲೊಲ್ಲದೆ 1943ರಲ್ಲಿ ಅವರೊಂದಿಗೇ ಸೆರೆಸಿಕ್ಕಿ, ಮರುವರ್ಷ ಪೋಲೆಂಡಿನ ಮಾಯ್ದಾನೆಕ್ ಶಿಬಿರದಲ್ಲಿ ಪ್ರಾಣಬಿಟ್ಟರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಫಿಲಿಪ್ ಹ್ಯಾಲಿ ಹೋಗಿ, ಇಷ್ಟು ಒಳ್ಳೆಯತನ ಎಲ್ಲಿಂದ ಬಂತು ಎಂದು ಕೇಳಿದಾಗ ಊರವರಿಗೆ ಆ ಪ್ರಶ್ನೆಯೇ ಹಿಡಿಸಲಿಲ್ಲ. ಒಳ್ಳೆಯತನದ ಮಾತೇಕೆ, ಮಾಡಬೇಕಾದ ಕೆಲಸವಿತ್ತು, ನಾವಿದ್ದೆವು, ಅಷ್ಟೇ ಎಂಬ ಧಾಟಿ. ಮಾಗ್ದಾ ತಾವು ದೊಡ್ಡ ಭಕ್ತೆ ಎಂದು ಹೇಳಿಕೊಂಡವರೂ ಅಲ್ಲ.

ಪ್ರಿನ್ಸ್‌ಟನ್ನಿನ ಹುಡುಗರಿಗೆ ಕತೆ ಗೊತ್ತಿತ್ತು. ಲೆ ಶಾಂಬೊದವರಿಗೆ ಅದು ಅಭ್ಯಾಸವಾಗಿತ್ತು. ಯಾರು ನನ್ನವರು ಎಂಬ ಲೆಕ್ಕಾಚಾರವನ್ನು ಅವರು ಕದ ತಟ್ಟುವ ಮೊದಲೇ ಮುಗಿಸಿಕೊಂಡಿದ್ದರು. ನಂಬಿಕೆ ಎಂದರೆ ಕ್ರೈಸ್ತ ಅರ್ಥದಲ್ಲಿ ಹೀಗೆ ಮೊದಲೇ ಮುಗಿದ ತೀರ್ಮಾನ ಎಂದು ನಾನು ತಿಳಿದಿದ್ದೇನೆ. ಬಾಗಿಲಲ್ಲಿ ನಿಂತು ಹೊಸದಾಗಿ ಯೋಚಿಸಲು ಹೊರಟವನು ಬಾಗಿಲು ಮುಚ್ಚಲು ಕಾರಣಗಳನ್ನೇ ಹೆಚ್ಚು ಕಂಡುಕೊಳ್ಳುತ್ತಾನೆ.

ಒಂದು ಕೊರತೆ ಮಾತ್ರ ಕತೆಯಲ್ಲಿ ಉಳಿದುಬಿಡುತ್ತದೆ: ಕಳ್ಳರು ಹಾಗೇ ಇದ್ದಾರೆ, ದಾರಿಯೂ ಹಾಗೇ ಇದೆ. ದಿನವೂ ಒಬ್ಬ ಬೀಳುತ್ತಿದ್ದರೆ ದಿನವೂ ಗಾಯ ಕಟ್ಟುತ್ತ ಕೂರುವುದೇ? ಇದನ್ನು ಹಿಡಿದು ಕೇಳಿದವರು ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಯೆರಿಕೋದ ದಾರಿಯನ್ನೇ ಬದಲಾಯಿಸಬೇಕು ಎಂದು ಅವರು 1967ರಲ್ಲಿ ಹೇಳಿದರು. ಮರುವರ್ಷ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಇಬ್ಬರು ಕರಿಯ ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಬಂದ ಕಿಂಗ್ ಏಪ್ರಿಲ್ 3ರ ರಾತ್ರಿ ಇದೇ ಕತೆಯನ್ನು ಹೇಳಿದರು. ನಿಂತರೆ ನನ್ನ ಗತಿಯೇನು ಎಂದು ಯಾಜಕ ಕೇಳಿಕೊಂಡ, ನಿಲ್ಲದಿದ್ದರೆ ಅವನ ಗತಿಯೇನು ಎಂದು ಸಮಾರ್ಯದವನು ಕೇಳಿಕೊಂಡ; ಈಗ ಕಾರ್ಮಿಕರ ವಿಷಯದಲ್ಲಿ ನಾವು ಕೇಳಿಕೊಳ್ಳಬೇಕಾದದ್ದೂ ಅದೇ ಎಂದರು. ಮರುದಿನ ಸಂಜೆ ಅವರನ್ನು ಗುಂಡಿಟ್ಟು ಕೊಂದರು. ಏಪ್ರಿಲ್ 16ರಂದು ಮೆಂಫಿಸ್ ನಗರಾಡಳಿತ ಕಾರ್ಮಿಕರ ಸಂಘಕ್ಕೆ ಮಾನ್ಯತೆ ಕೊಟ್ಟು, ಕೂಲಿ ಏರಿಸಲು ಒಪ್ಪಿತು.