ಹಾಲು ಕರೆಯದ ಹಸು

ಫಲ ಕೊಡದುದನ್ನು ಉಳಿಸಿಕೊಳ್ಳುವುದು ಧರ್ಮವೆ, ಬರಿಯ ಮೋಹವೆ? ಕನ್ನಡವನ್ನು ಹೊಸ್ತಿಲ ಒಳಗೆ ಮಾತ್ರ ಆಡುವ ನಮ್ಮಂಥ ಮನೆಗಳಿಗೆ ಇದು ತರ್ಕದ ಆಟವಲ್ಲ. ಕೆಲಸಕ್ಕೆ, ಶಾಲೆಗೆ, ಸಂತೆಗೆ ಬೇರೆ ಭಾಷೆ ಸಾಕಾಗಿರುವಾಗ, ಇದರಿಂದ ಮಗುವಿಗೇನು ಸಿಗುತ್ತದೆ ಎಂದು ಕೇಳುವವರು ನಮ್ಮವರೇ.

ಕುಮಳಿಯಿಂದ ಘಟ್ಟ ಇಳಿದರೆ ಸಿಗುವ ಕಂಬಂ ಕಣಿವೆಯಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ತೇನಿ, ದಿಂಡಿಗಲ್ ಕಡೆಯ ಕನ್ನಡ ಮಾತಿನ ಒಕ್ಕಲು ಪಂಗಡಗಳಲ್ಲಿ ಕಪ್ಪಿಲಿಯರದೂ ಒಂದು. ಅವರ ದನದ ಹಿಂಡಿನ ಸಂಗತಿಯನ್ನು ಡಬ್ಲ್ಯು. ಫ್ರಾನ್ಸಿಸ್ 1906ರ ಮಧುರೆ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ತಮಿಳಿನಲ್ಲಿ ಅದು 'ತಂಬಿರಾನ್ ಮಾಡು', ಮನೆಮಾತಿನಲ್ಲಿ 'ದೇವರ ಆವು'. ಆ ಹಸುಗಳ ಹಾಲು ಕರೆಯುತ್ತಿರಲಿಲ್ಲ. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುವರು. ಮೊದಲು ಅದರ ಬಳಿಗೆ ಬಂದ ಹೋರಿಗೆ ಅರಿಸಿನ ಕುಂಕುಮ, ಹಾರ, ಪಟ್ಟ. ಲಾಭವಿಲ್ಲದ ಆ ಹಿಂಡಿಗೂ ಮೇವು ಬೇಕು, ಕಾಯುವ ಆಳು ಬೇಕು. ಅದನ್ನು ಜನ ಹೊತ್ತರು.

ಇಂಥದೇ ಹೊಣೆಯನ್ನು ಇಂಗ್ಲೆಂಡಿನಲ್ಲಿ ಹೊತ್ತ ಒಬ್ಬಾಕೆ ಮಕ್ಕಳ ಲೇಖಕಿ, ಚಿತ್ರಕಾರ್ತಿ ಬಿಯಾಟ್ರಿಕ್ಸ್ ಪಾಟರ್ (1866–1943). 1893ರಲ್ಲಿ ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಆಕೆ ಚಿತ್ರ ಬರೆದು ಮೊಲದ ಕತೆಯ ಪತ್ರ ಕಳಿಸಿದಳು. ಪ್ರಕಾಶಕರು ಒಲ್ಲೆನೆಂದಾಗ 1901ರಲ್ಲಿ ತಾನೇ 250 ಪ್ರತಿ ಅಚ್ಚುಹಾಕಿಸಿದಳು. 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಪ್ರಕಟಿಸಿತು. ಪೀಟರ್ ಮೊಲ ಲೋಕಪ್ರಸಿದ್ಧವಾಯಿತು. ಪುಸ್ತಕದ ಹಣ ಕೂಡಿಸಿ 1905ರಲ್ಲಿ ಸರೋವರ ಸೀಮೆಯ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ಕ್ರಮೇಣ ಆ ನಾಡಿನ ಹರ್ಡ್ವಿಕ್ ಕುರಿಗಳ ಸಾಕಣೆಯಲ್ಲಿ ನುರಿತಳು. ಸಾಯುವಾಗ 4,000 ಎಕರೆಗೂ ಮಿಕ್ಕಿದ ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು; ಅಲ್ಲಿ ಹರ್ಡ್ವಿಕ್ ಹಿಂಡುಗಳು ಮುಂದುವರಿಯಬೇಕೆಂಬುದು ಆಕೆಯ ಇಚ್ಛೆ.

ಆ ಕುರಿಗಳ ಒಂದು ಗುಣ ನಾವು ಗಮನಿಸತಕ್ಕದ್ದು. ಬೇಲಿಯಿಲ್ಲದ ಗುಡ್ಡದಲ್ಲಿ ಅವು ತಮ್ಮ ಪಾಲಿನ ಮೇವುನೆಲ ಬಿಟ್ಟು ಅಷ್ಟಾಗಿ ಅಲೆಯವು. ಆ ನೆಲದ ಗುರುತನ್ನು ಮರಿ ಕಲಿಯುವುದು ತಾಯಿಯ ಬೆನ್ನುಹತ್ತಿ ಮೇಯುತ್ತ. ಒಮ್ಮೆ ಹಿಂಡನ್ನು ಮಾರಿಬಿಟ್ಟರೆ ಬೇರೆ ಕುರಿ ಕೊಳ್ಳಬಹುದು. ಆ ಅರಿವನ್ನು ಕೊಳ್ಳಲಾಗದು. ತಾಯ್ನುಡಿಯೂ ಹೀಗೆಯೇ ಅಲ್ಲವೆ? ಬೇರೆ ಭಾಷೆಯನ್ನು ಯಾವ ವಯಸ್ಸಿನಲ್ಲಾದರೂ ಶಾಲೆಯಲ್ಲಿ ಕಲಿಯಬಹುದು. ಅಜ್ಜಿಯ ಬಾಯಿಂದ ಮೊಮ್ಮಗುವಿಗೆ ಇಳಿಯುವ ಮಾತು ಒಂದು ತಲೆಮಾರು ನಿಂತರೆ, ಆ ಮನೆಯ ಮಟ್ಟಿಗೆ ಮುಗಿದಂತೆಯೇ.

ಹೊಟ್ಟೆಪಾಡಿನ ಮುಂದೆ ಇದೆಲ್ಲ ಸುಖಿಗಳ ಮಾತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಪಾಟರ್ ಸಿರಿವಂತರ ಮಗಳು. ಆಕೆಯ ಭೂಮಿಗೆ ಮೊಲದ ಪುಸ್ತಕವೂ ದುಡಿದು ಹಾಕಿತು. ಕಂಬಂನ ಹಿಂಡಿಗೂ ಮೇವು ಒದಗಿಸಿದ್ದು ಬೇರೆ ದುಡಿಮೆಯೇ. ಆದರೆ ಇದರಿಂದ ತಿಳಿಯುವುದಿಷ್ಟು: ಕರೆಯುವ ಹಸುವನ್ನು ಬಿಟ್ಟು ಕರೆಯದ ಹಸುವನ್ನು ಯಾರೂ ಸಾಕಲಿಲ್ಲ, ಒಂದರ ಗಳಿಕೆಯಲ್ಲಿ ಇನ್ನೊಂದನ್ನು ಸಾಕಿದರು. ತಮಿಳು, ಮಲಯಾಳ, ಇಂಗ್ಲಿಷು ನಮ್ಮ ಮಕ್ಕಳಿಗೆ ಅನ್ನ ಕೊಡಲಿ. ಆ ಅನ್ನ ಉಣ್ಣುವ ಹೊತ್ತಿನಲ್ಲಿ ಒಂದು ಕತೆ ಕನ್ನಡದಲ್ಲಿ ನಡೆಯಲು ಅಡ್ಡಿಯೇನು?

ಮಗುವಿಗೆ ಕನ್ನಡದ ಅಕ್ಷರ ಬಾರದಿರಬಹುದು. ಪಾಟರಳ ಪತ್ರದಲ್ಲೂ ಅರ್ಧ ಮಾತು ಚಿತ್ರಗಳದೇ. ಕೇಳುವವರು ಎಷ್ಟು ಮಂದಿ ಎಂದು ಆಕೆ ಎಣಿಸಲಿಲ್ಲ. ಹಾಸಿಗೆ ಹಿಡಿದ ಒಂದು ಮಗು ಇತ್ತು. ಅಷ್ಟೇ ಆಕೆಗೆ ಸಾಕಾಗಿತ್ತು.