ವೇಳಾಪಟ್ಟಿಗೆ ನ್ಯಾಯಾಧೀಶರು ಯಾರು?

ಪರೀಕ್ಷೆಗೆ ವೇಳಾಪಟ್ಟಿ ಹಾಕುವುದು ಬರೀ ಲೆಕ್ಕದ ಕೆಲಸವೆಂದು ತೋರುತ್ತದೆ. ಕಾನೂನು ಓದುವ ನನ್ನ ಮುಂದೆ ಈಗ 5 ವಿಷಯಗಳಿವೆ, 20 ದಿನಗಳಿವೆ. ವಿಷಯಕ್ಕೆ 4 ದಿನವೆಂದರೆ ಲೆಕ್ಕ ಮುಗಿಯಿತು. ಆದರೆ ನಾನು ಓದಲು ಕೂತಿರುವುದು ಉಳವಿಯಲ್ಲಿ. ಭಾರತ ಹುಣ್ಣಿಮೆಯ ಜಾತ್ರೆ ಈ ಸಲ ಇದೇ 20 ದಿನಗಳೊಳಗೆ ಬರುತ್ತದೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಚನ್ನಬಸವಣ್ಣನ ದರ್ಶನಕ್ಕೆ ಬಂದ ನೆಂಟರು ಜಗಲಿಯಲ್ಲಿ ಕೂತಿರುವಾಗ ಒಳಗೆ ಬಾಗಿಲು ಹಾಕಿಕೊಂಡು ಓದಲಾದೀತೇ? ನನಗೆ ನಾನೇ ಕೊಟ್ಟುಕೊಂಡ ಮಾತು, ಇತರರಿಗೆ ಸಲ್ಲಬೇಕಾದ ಕರ್ತವ್ಯಕ್ಕಿಂತ ಹಗುರವೇ?

ಈ ಪ್ರಶ್ನೆಗೆ ನಾನು ಓದುತ್ತಿರುವ ಪುಸ್ತಕದಲ್ಲೇ ಒಂದು ದಾರಿ ಕಾಣುತ್ತದೆ. 1963ರ ಕಾಲಮಿತಿ ಕಾಯ್ದೆ, ಅಂದರೆ ನಾವೆಲ್ಲ ಲಿಮಿಟೇಶನ್ ಆ್ಯಕ್ಟ್ ಎನ್ನುವ ಕಾನೂನು, ದಾವೆ ಹೂಡಲು ಗಡುವು ಹಾಕುತ್ತದೆ. ಅದರ 5ನೇ ಕಲಮು ಸಾಕಷ್ಟು ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುತ್ತದೆ. ಆದರೆ ಆ ರಿಯಾಯಿತಿ ಮೇಲ್ಮನವಿಗೆ, ಅರ್ಜಿಗೆ ಮಾತ್ರ, ದಾವೆಗೆ ಇಲ್ಲ. ಪರೀಕ್ಷೆಯ ದಿನಾಂಕ ದಾವೆಯ ಗಡುವಿನಂತೆ, ಯಾರ ಕಾರಣವನ್ನೂ ಕೇಳುವುದಿಲ್ಲ. ನಡುವಿನ ದಿನಗಳು ಮೇಲ್ಮನವಿಯಂತೆ, ಕಾರಣವಿದ್ದರೆ ಸರಿಸಬಹುದು. 1987ರ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ಮಾತನ್ನು ಹಟದಿಂದ ಅನ್ವಯಿಸಬೇಡಿ ಎಂದಿತು. ಅರ್ಧ ಗಂಟೆ ತಪ್ಪಿತೆಂದು ಇಡೀ ದಿನ ಕೈಚೆಲ್ಲುವವರಿಗೆ ಇದು ಒಳ್ಳೆಯ ಬುದ್ಧಿಮಾತು.

ಹಾಗಿದ್ದರೆ ಸಾಕಷ್ಟು ಕಾರಣ ಯಾವುದು? ಪಕ್ಕದ ಹಳ್ಳಿಯ ಅಜ್ಜ ಅರಣ್ಯ ಹಕ್ಕಿನ ಅರ್ಜಿಯ ಕಾಗದ ಹಿಡಿದು ಬರುತ್ತಾನೆನ್ನಿ. 2006ರ ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಹಿಂದಿನ 3 ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅವನ 75 ವರ್ಷಗಳ ಮುಂದೆ ನನ್ನ ಒಂದು ಮಧ್ಯಾಹ್ನ ಏನು? ಇದು ಕಾರಣ. ಮೊಬೈಲಿನಲ್ಲಿ ಕಳೆದ ಮಧ್ಯಾಹ್ನ ಕಾರಣವಲ್ಲ. ಕಷ್ಟವಿರುವುದು ಇವೆರಡರ ನಡುವೆ: ಜಾತ್ರೆಯ ಪೇಟೆ, ಗೆಳೆಯನ ಕರೆ, ಸುಮ್ಮನೆ ಬಂದ ಬೇಸರ.

ಕೋರ್ಟಿನಲ್ಲಿ ತಡಮಾಡಿದವನೇ ಆ ತಡಕ್ಕೆ ತೀರ್ಪು ಕೊಡುವುದಿಲ್ಲ. ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಸಹಜ ನ್ಯಾಯದ ಮೊದಲ ಪಾಠ. ವೇಳಾಪಟ್ಟಿಯಲ್ಲಿ ಮಾತು ಕೊಟ್ಟವನು, ಪಡೆದವನು, ಮುರಿದವನು, ಕ್ಷಮಿಸುವವನು ಎಲ್ಲ ನಾನೇ. ಅಲ್ಲಿ ಕ್ಷಮೆ ಅಗ್ಗವಾಗುವುದು ಅದಕ್ಕೇ.

ನಿಜದಲ್ಲಿ ಎದುರು ಪಕ್ಷದವರು ಇದ್ದೇ ಇದ್ದಾರೆ. ನನ್ನ ಫೀ ಕಟ್ಟುವ ಅಣ್ಣ ಇದ್ದಾನೆ. ನಾಳೆ ನನ್ನನ್ನು ನಂಬಿ ಕಾಗದ ಕೊಡುವ ಕಕ್ಷಿದಾರರಿದ್ದಾರೆ. ನಾನು ಓದದೆ ಬಿಟ್ಟ ಕಲಮಿನ ನಷ್ಟ ಅವರದು. ಆದ್ದರಿಂದ ದಿನ ತಪ್ಪಿದಾಗ ಕಾರಣವನ್ನು ಪಟ್ಟಿಯಲ್ಲೇ ಒಂದು ಸಾಲು ಬರೆಯಬೇಕು. ಅದನ್ನು ಅಣ್ಣನ ಮುಂದೆ ಗಟ್ಟಿಯಾಗಿ ಓದಬಲ್ಲೆನಾದರೆ ಅದು ಸಾಕಷ್ಟು ಕಾರಣ. ನಾಲಿಗೆ ತಡವರಿಸಿದರೆ ಅರ್ಜಿ ವಜಾ.

ಲೆಕ್ಕವೂ ಬದಲಾಗಬೇಕು. ವಿಷಯಕ್ಕೆ 3 ದಿನದಂತೆ 15, ಪುನರಾವರ್ತನೆಗೆ 2, ಉಳಿದ 3 ಖಾಲಿ. ಆ ಖಾಲಿ ದಿನಗಳು ಸೋಮಾರಿತನಕ್ಕಲ್ಲ. ನೆಂಟರೂ ಅಜ್ಜನೂ ಬಂದೇ ಬರುತ್ತಾರೆಂದು ಗೊತ್ತಿದ್ದೂ 20 ದಿನವನ್ನೂ ತುಂಬಿಸಿದರೆ, ಆ ಮಾತನ್ನು ಕೊಡುವಾಗಲೇ ಮುರಿದಂತೆ. ಉಳಿಸಿಕೊಳ್ಳಬಹುದಾದಷ್ಟೇ ಮಾತು ಕೊಡುವುದು ಪ್ರಾಮಾಣಿಕತೆಯ ಮೊದಲ ಮೆಟ್ಟಿಲು.