ಕಾಲ್ಗುಣವೂ ಕಾರಣವೂ

ನಡೆಯುತ್ತಿದ್ದ ವಸ್ತು ಕೆಟ್ಟು ನಿಂತರೆ, ಅದನ್ನು ಕಡೆಗೆ ಮುಟ್ಟಿದವರು ಯಾರೆಂದು ಕೇಳುವುದು ನಮ್ಮ ಸ್ವಭಾವ. ಗಡಿಯಾರ ನಿಂತರೆ ಕೀಲಿ ಕೊಟ್ಟವನು, ಬಾವಿಯ ಹಗ್ಗ ಹರಿದರೆ ಕಡೆಯ ಕೊಡ ಸೇದಿದವಳು ಉತ್ತರ ಹೇಳಬೇಕು. ಅದಕ್ಕೆ ಮೊದಲು ಸೇದಿದ ಸಾವಿರ ಕೊಡಗಳ ಲೆಕ್ಕ ಯಾರಿಗೂ ಬೇಡ. ಮನೆಗೆ ಹೊಸದಾಗಿ ಬಂದವರ ವಿಷಯದಲ್ಲಂತೂ ಈ ಸ್ವಭಾವಕ್ಕೆ ನಮ್ಮ ಭಾಷೆ ಒಂದು ಹೆಸರನ್ನೇ ಇಟ್ಟಿದೆ: ಕಾಲ್ಗುಣ. ಸೊಸೆ ಹೊಸ್ತಿಲು ದಾಟಿದ ತಿಂಗಳಲ್ಲಿ ಮಾವನಿಗೆ ಬಡ್ತಿ ಬಂದರೆ ಒಳ್ಳೆಯ ಕಾಲ್ಗುಣ. ಹಟ್ಟಿಯ ಹಸು ಸತ್ತರೆ ಕೆಟ್ಟ ಕಾಲ್ಗುಣ. ಬಡ್ತಿಯ ಆಜ್ಞೆಗೆ ಸಹಿ ಬಿದ್ದದ್ದು ಎಂದು, ಹಸುವಿಗೆ ರೋಗ ತಗಲಿದ್ದು ಎಂದು ಎಂದು ವಿಚಾರಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಒಂದರ ಹಿಂದೆ ಇನ್ನೊಂದು ಬಂದಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾದೀತೆ? ಪ್ರಶ್ನೆ ಹಳೆಯದು. ಕಾಗೆ ಬಂದು ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲವೆಂದು ತಿಳಿಸಲು ನಮ್ಮ ಹಿರಿಯರು ‘ಕಾಕತಾಳೀಯ’ ಎಂಬ ಮಾತನ್ನೇ ಕಟ್ಟಿದರು. ಆ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅದರ ಹಿಂದಿರುವ ನೀತಿಯ ಪ್ರಶ್ನೆ ನನಗೆ ಸ್ಪಷ್ಟವಾದದ್ದು ಒಂದು ಲ್ಯಾಪ್‌ಟಾಪಿನ ದೆಸೆಯಿಂದ.

ಆ ಲ್ಯಾಪ್‌ಟಾಪಿಗೆ ಆರು ವರ್ಷ ವಯಸ್ಸು. ಅದರಲ್ಲಿದ್ದದ್ದು 4 ಜಿಬಿ ರ್‍ಯಾಮ್. ರ್‍ಯಾಮ್ ಎಂದರೆ ಯಂತ್ರದ ಬರೆಯುವ ಮೇಜು ಎನ್ನಬಹುದು. ಕಪಾಟಿನಲ್ಲಿ ಪುಸ್ತಕಗಳು ಎಷ್ಟೇ ಇರಲಿ, ಮೇಜು ಚಿಕ್ಕದಾದರೆ ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ಹಳೆಯ ಗ್ರಂಥಗಳ ಸ್ಕ್ಯಾನ್ ಪ್ರತಿಗಳನ್ನು ಎರಡು ಮೂರು ಒಟ್ಟಿಗೆ ತೆರೆದರೆ ಪಾಪ ಅದು ಏದುಸಿರು ಬಿಡುತ್ತಿತ್ತು. ನನ್ನ ಅಕ್ಕನ ಮಗ ಇದನ್ನು ಕಂಡು, 8 ಜಿಬಿಯ ಹೊಸ ಪಟ್ಟಿಯೊಂದನ್ನು ತಂದು, ಖಾಲಿ ಇದ್ದ ಎರಡನೆಯ ಸ್ಲಾಟಿನಲ್ಲಿ ಕೂಡಿಸಿದ. ಗುಂಡಿ ಒತ್ತಿದರೆ ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. “ಇದ್ದದ್ದು ಚೆನ್ನಾಗಿಯೇ ಇತ್ತಲ್ಲ, ಹೊಸದನ್ನು ತರಿಸಿ ಕೆಡಿಸಿಕೊಂಡಿರಿ” ಎಂದಳು ನನ್ನ ಹೆಂಡತಿ. “ಆ ರ್‍ಯಾಮ್ ನಕಲಿ ಇರಬೇಕು ಸಾರ್” ಎಂದರು ಸಹೋದ್ಯೋಗಿಯೊಬ್ಬರು. ಹುಡುಗ ಏನೂ ಹೇಳದೆ ಸ್ಕ್ರೂಗಳನ್ನು ಆರಿಸುತ್ತ ಕೂತ. ಆರೋಪಿಗಳು ಇಬ್ಬರು: ಹೊಸ ಪಟ್ಟಿ, ಅದನ್ನು ತಂದ ಹುಡುಗ.

ಈ ಸಂಶಯ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. ರ್‍ಯಾಮ್ ಪಟ್ಟಿಗಳಲ್ಲಿ ಜಾತಿಭೇದವುಂಟು. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ವಿದ್ಯುತ್ತೂ ಕ್ರಮವಾಗಿ 1.5, 1.2, 1.1 ವೋಲ್ಟು. ಒಂದು ಇನ್ನೊಂದರ ಜಾಗದಲ್ಲಿ ಕೂರದಿರಲೆಂದು ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಜಾತಿ ಸರಿಯಾಗಿದ್ದರೂ ಪಟ್ಟಿಯನ್ನು ಓರೆಯಾಗಿ ಒಳಗೆ ತಳ್ಳಿ, ಎರಡು ಬದಿಯ ಕೊಂಡಿಗಳೂ ಹಿಡಿಯುವತನಕ ಕೆಳಕ್ಕೆ ಒತ್ತದಿದ್ದರೆ ಅದು ಕೂತಂತೆ ಕಂಡರೂ ಕೂತಿರುವುದಿಲ್ಲ. ಸುಮಾರು 3000 ವೋಲ್ಟಿಗೆ ಕಡಿಮೆಯಾದ ಸ್ಥಿರವಿದ್ಯುತ್ತಿನ ಕಿಡಿ ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ. ಚಿಪ್ಪನ್ನು ಸುಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಬಿಚ್ಚುವಾಗ ಬ್ಯಾಟರಿಯ ತಂತಿಯೋ ಪರದೆಯ ತಂತಿಯೋ ಸಡಿಲವಾಗಿರಲೂಬಹುದು. ಕೆಲವು ಹೊಸ ಯಂತ್ರಗಳಲ್ಲಿ ಏನೂ ಕೆಟ್ಟಿರುವುದಿಲ್ಲ; ಹೊಸ ಪಟ್ಟಿಯ ಪರಿಚಯ ಮಾಡಿಕೊಳ್ಳಲು ಯಂತ್ರಕ್ಕೆ ಮೊದಲ ಸಲ ಒಂದೆರಡು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ನಾವು ತಾಳ್ಮೆಗೆಟ್ಟು ಆರಿಸಿಬಿಡುತ್ತೇವೆ.

ಆದ್ದರಿಂದ ಅನುಮಾನಪಡುವುದು ತಪ್ಪಲ್ಲ. ಆದರೆ ‘ಅನುಮಾನ’ ಎಂಬ ಮಾತನ್ನು ನೋಡಿ. ತರ್ಕಶಾಸ್ತ್ರದಲ್ಲಿ ಅದು ಜ್ಞಾನಕ್ಕೆ ಒಂದು ಪ್ರಮಾಣ, ಕ್ರಮವಾಗಿ ನಡೆದು ಮುಟ್ಟಬೇಕಾದ ನಿಶ್ಚಯ. ಮನೆಮಾತಿನಲ್ಲಿ ಅದು ಬರಿಯ ಸಂಶಯ. ನಾವು ಮನೆಮಾತಿನ ಅನುಮಾನವನ್ನಿಟ್ಟುಕೊಂಡು ಶಾಸ್ತ್ರದ ಅನುಮಾನದ ಅಧಿಕಾರ ಚಲಾಯಿಸುತ್ತೇವೆ. ತೊಡಕೆಲ್ಲ ಅಲ್ಲಿದೆ.

ಮರುದಿನ ಯಂತ್ರವನ್ನು ರಿಪೇರಿ ಅಂಗಡಿಗೆ ಕೊಂಡೊಯ್ದೆವು. ಅಂಗಡಿಯ ತರುಣ ಯಾರು ಮುಟ್ಟಿದ್ದು ಎಂದು ಕೇಳಲಿಲ್ಲ. ಚಾರ್ಜರನ್ನೂ ಬ್ಯಾಟರಿಯ ತಂತಿಯನ್ನೂ ಕಳಚಿ, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಒಳಗೆ ಉಳಿದಿದ್ದ ವಿದ್ಯುತ್ತನ್ನು ಖಾಲಿ ಮಾಡಿದ. ಆಮೇಲೆ ಹೊಸ ಪಟ್ಟಿಯನ್ನು ತೆಗೆದಿಟ್ಟು, ಹಳೆಯದೊಂದರಿಂದಲೇ ನಡೆಸಿ ನೋಡಿದ. ಪರದೆ ಕಪ್ಪು. ಹಳೆಯದನ್ನು ತೆಗೆದು ಹೊಸದೊಂದನ್ನೇ ಎರಡನೆಯ ಸ್ಲಾಟಿನಲ್ಲಿಟ್ಟ, ಯಂತ್ರ ಎದ್ದಿತು. ಹಾಗಾದರೆ ತಪ್ಪಿತಸ್ಥ ಹಳೆಯದೇ ಎಂದು ನಾನು ಮನಸ್ಸಿನಲ್ಲಿ ತೀರ್ಪು ಬರೆಯುವಷ್ಟರಲ್ಲಿ ಅವನು ಹಳೆಯದನ್ನೂ ಎರಡನೆಯ ಸ್ಲಾಟಿನಲ್ಲಿಟ್ಟ, ಆಗಲೂ ಎದ್ದಿತು. ಹೊಸದನ್ನು ಮೊದಲನೆಯ ಸ್ಲಾಟಿಗೆ ಹಾಕಿದ, ಮತ್ತೆ ಕತ್ತಲೆ. ಎರಡು ಪಟ್ಟಿಗಳೂ ನಿರ್ದೋಷಿಗಳು. ಆರು ವರ್ಷಗಳ ಧೂಳು ಮೊದಲನೆಯ ಸ್ಲಾಟಿನ ತಾಮ್ರದ ಹಲ್ಲುಗಳ ನಡುವೆ ಸೇರಿತ್ತು. ಪಕ್ಕದ ಪಟ್ಟಿಯನ್ನು ಒತ್ತಿದಾಗ ಹಳೆಯದು ಕೂದಲೆಳೆಯಷ್ಟು ಅಲುಗಿ, ಇದ್ದ ಸಂಪರ್ಕವೂ ತಪ್ಪಿತು. ಮೆತ್ತನೆಯ ಕುಂಚ, ಎರಡು ಹನಿ ಸ್ಪಿರಿಟ್ಟು, ಹತ್ತು ನಿಮಿಷ, ಕೆಲಸ ಮುಗಿಯಿತು.

ಆ ತರುಣ ಅರಿತೋ ಅರಿಯದೆಯೋ ಮಾಡಿದ್ದನ್ನು ನಮ್ಮ ತಾರ್ಕಿಕರು ಅನ್ವಯ–ವ್ಯತಿರೇಕವೆಂದು ಕರೆದಿದ್ದಾರೆ. ಇದು ಇದ್ದಾಗ ಅದು ಇರುತ್ತದೆಯೆ? ಇದು ಇಲ್ಲದಾಗ ಅದೂ ಇಲ್ಲವಾಗುತ್ತದೆಯೆ? ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಕಾರಣದ ಮಾತು. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಹೇಳಿದ ಪರೀಕ್ಷಾವಿಧಾನಗಳೂ ಇದಕ್ಕೆ ದೂರವಲ್ಲ. ನಮ್ಮ ನೈಯಾಯಿಕರ ಒಂದು ಉದಾಹರಣೆ ನನಗೆ ಬಹಳ ಪ್ರಿಯ. ಕುಂಬಾರ ಮಡಕೆ ಮಾಡುವ ಮುಂಚೆ ಮಣ್ಣು ಹೊತ್ತು ತಂದದ್ದು ಕತ್ತೆ. ಮಡಕೆಗಿಂತ ಮೊದಲು ಕತ್ತೆ ಅಲ್ಲಿತ್ತು ಎಂಬುದು ಸುಳ್ಳಲ್ಲ. ಆದರೆ ಕತ್ತೆ ಮಡಕೆಗೆ ಕಾರಣವೆ? ಮಣ್ಣನ್ನು ಬುಟ್ಟಿಯಲ್ಲಿ ತಂದಿದ್ದರೂ ಮಡಕೆ ಆಗುತ್ತಿತ್ತು. ನಮ್ಮ ಪ್ರಸಂಗದಲ್ಲಿ ಹೊಸ ಪಟ್ಟಿಯದು ಆ ಕತ್ತೆಯ ಸ್ಥಾನ. ಯಂತ್ರವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟಿದ್ದರೂ ಆಗಬೇಕಾದದ್ದು ಆಗುತ್ತಿತ್ತು.

“ಆದರೂ ಹುಡುಗ ಬಿಚ್ಚದಿದ್ದರೆ ಆ ದಿನ ಅದು ನಿಲ್ಲುತ್ತಿರಲಿಲ್ಲವಲ್ಲ” ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕೂ ಕನ್ನಡದಲ್ಲಿ ಒಳ್ಳೆಯ ಮಾತೊಂದಿದೆ: ನೆಪ. ಹುಡುಗನ ಕೈ ನೆಪವಾಯಿತು. ನೆಪವಾದವನಿಗೆ ಹೊಣೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಿಚ್ಚುವ ಮೊದಲು ವಿದ್ಯುತ್ತು ತೆಗೆದನೆ, ಲೋಹವನ್ನು ಮುಟ್ಟಿ ಕೈಯ ಕಿಡಿ ಕಳೆದುಕೊಂಡನೆ, ಸರಿಯಾದ ಜಾತಿಯ ಪಟ್ಟಿಯನ್ನು ತಂದನೆ ಎಂದು ಕೇಳಬಹುದು, ಕೇಳಬೇಕು. ಅವನು ಅಷ್ಟನ್ನೂ ಮಾಡಿದ್ದ. ಎಚ್ಚರಿಕೆಯ ಹೊಣೆ ಅಲ್ಲಿಗೆ ತೀರುತ್ತದೆ. ಆರು ವರ್ಷದ ಧೂಳಿನ ಹೊಣೆ ಅವನದಲ್ಲ. ಆದರೆ ಧೂಳಿಗೆ ಮುಖವಿಲ್ಲ. ಅದನ್ನು ಬೈದರೆ ಬೈದ ಸುಖವೂ ಇಲ್ಲ. ಕಡೆಗೆ ಮುಟ್ಟಿದವನಿಗೆ ಮುಖವಿದೆ, ಎದುರಿಗೇ ಕೂತಿದ್ದಾನೆ. ನಾವು ಅವನನ್ನು ಹಿಡಿಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇಲ್ಲಿಯೇ ಯಂತ್ರಕ್ಕೂ ಮನುಷ್ಯರಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು. ಪಟ್ಟಿಯನ್ನು ತೆಗೆದು, ಹಾಕಿ, ಸ್ಲಾಟು ಬದಲಿಸಿ ಪರೀಕ್ಷಿಸಬಹುದು. ಸೊಸೆಯನ್ನು ತವರಿಗೆ ಕಳುಹಿಸಿ, ಸತ್ತ ಹಸು ಏಳುತ್ತದೆಯೇ ಎಂದು ನೋಡಲು ಬರುವುದಿಲ್ಲ. ನಡೆದದ್ದು ಒಂದೇ ಸಲ ನಡೆಯುತ್ತದೆ. ಎರಡನೆಯದಾಗಿ, ಸಂಶಯಕ್ಕೆ ಗುರಿಯಾದ ಪಟ್ಟಿ ಕುಗ್ಗುವುದಿಲ್ಲ. ನಿರ್ದೋಷಿಯೆಂದು ತಿಳಿದ ಕ್ಷಣ ಮೊದಲಿನಂತೆಯೇ ದುಡಿಯುತ್ತದೆ. ಮನುಷ್ಯ ಹಾಗಲ್ಲ. “ನೀನು ಮುಟ್ಟಿದ್ದರಿಂದ ಕೆಟ್ಟಿತು” ಎನ್ನಿಸಿಕೊಂಡ ಹುಡುಗ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲು ಹಿಂಜರಿಯುತ್ತಾನೆ. ಕೆಟ್ಟ ಕಾಲ್ಗುಣದವಳೆನ್ನಿಸಿಕೊಂಡ ಹೆಣ್ಣು ಶುಭಕಾರ್ಯದ ಮನೆಯಲ್ಲಿ ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತಾಳೆ. ಅವಳ ನಿರ್ದೋಷವನ್ನು ತೋರಿಸಿಕೊಡುವ ಅಂಗಡಿ ಯಾವ ಬೀದಿಯಲ್ಲೂ ಇಲ್ಲ.

ಪರೀಕ್ಷೆ ಸಾಧ್ಯವಿರುವ ಕಡೆ ಆತುರದ ತೀರ್ಪಿನಿಂದ ಆಗುವ ನಷ್ಟ ಹತ್ತು ನಿಮಿಷದ್ದು. ಪರೀಕ್ಷೆ ಸಾಧ್ಯವಿಲ್ಲದ ಕಡೆ ಅದು ಒಂದು ಬಾಳಿನದು. ಆದುದರಿಂದ ಮನುಷ್ಯರ ವಿಷಯದಲ್ಲಿ ನಮ್ಮ ನಾಲಗೆ ಹೆಚ್ಚು ತಡೆಯಬೇಕಾಗಿತ್ತು. ಮಾಡುವುದು ತದ್ವಿರುದ್ಧ. ಯಂತ್ರ ನಿಂತರೆ ತಾಳ್ಮೆಯಿಂದ ಅಂಗಡಿಗೆ ಹೋಗಿ, ಹಣ ಕೊಟ್ಟು, ಕಾದು ಕೂತು ಕಾರಣ ತಿಳಿಯುತ್ತೇವೆ. ಸಂಸಾರ ನಿಂತರೆ ಹೊಸ್ತಿಲಲ್ಲೇ ತೀರ್ಪು.

ಹಾಗೆಂದು ಯಾರನ್ನೂ ಎಂದೂ ತಪ್ಪಿತಸ್ಥರೆನ್ನಬಾರದೆಂದಲ್ಲ. ಬೇಕೆಂದು ಕೆಡಿಸುವವರೂ ಲೋಕದಲ್ಲಿದ್ದಾರೆ, ಉದಾಸೀನದಿಂದ ಕೆಡಿಸುವವರೂ ಇದ್ದಾರೆ. ಆದರೆ ಹೆಸರು ಹಿಡಿಯುವ ಮೊದಲು ಕೇಳಬಹುದಾದ ಕೆಲವು ಪ್ರಶ್ನೆಗಳು ನಮ್ಮ ಕೈಯಲ್ಲೇ ಇವೆ. ಇವರು ಬರುವ ಮುಂಚೆ ಇಲ್ಲಿ ಏನು ಸೇರಿತ್ತು? ಇವರ ಬದಲು ಇನ್ನೊಬ್ಬರು ಇದ್ದಿದ್ದರೂ ಹೀಗೇ ಆಗುತ್ತಿತ್ತೆ? ಒಂದೊಂದೇ ನೋಡಿದರೆ ಇಬ್ಬರೂ ನೆಟ್ಟಗಿದ್ದು, ಹೊಂದಾಣಿಕೆ ಮಾತ್ರ ತಪ್ಪಿದೆಯೆ? ಬೇರೆ ಬೇರೆ ವೇಗದ ಎರಡು ಪಟ್ಟಿಗಳನ್ನು ಜೊತೆಗೆ ಹಾಕಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕೆ ಇಳಿದು ನಡೆಯುತ್ತವೆ. 3200ರದು 2666ರ ಜೊತೆಗೆ ಹೆಜ್ಜೆ ಹಾಕುತ್ತದೆ. ಎಷ್ಟೋ ಮನೆಗಳಲ್ಲಿ ಬೇಕಾದದ್ದು ಇಷ್ಟೇ.

ಕಾಲ್ಗುಣವೆಂಬ ಮಾತು ನಮ್ಮ ಭಾಷೆಯಿಂದ ಬೇಗ ಹೋಗಲಾರದು; ಹೋಗಬೇಕೆಂಬ ಹಟವೂ ನನಗಿಲ್ಲ, ಒಳ್ಳೆಯದಾದಾಗ ಅದರಿಂದ ಒಬ್ಬರಿಗಾದರೂ ಸಂತೋಷವಾಗುತ್ತದೆ. ಕೆಟ್ಟದ್ದಾದಾಗ ಅದು ತುಟಿಗೆ ಬಂದರೆ, ಹಸುವಿಗೆ ರೋಗ ಎಂದಿನಿಂದ ಇತ್ತು ಎಂದು ಒಂದು ಸಲ ಕೇಳಿಕೊಂಡರೆ ಸಾಕು.